ಗಾಲಿಯ ಮೇಲಿನ ಕನ್ನಡ ಶೆಲ್ಫು

ನಮ್ಮವರು ಮತ್ತು ಪುಸ್ತಕ ಒಂದೇ ಕೋಣೆಯಲ್ಲಿ ಸೇರಿದರೆ ಏನಾದರೊಂದು ಆಗಿಯೇ ಆಗುತ್ತದೆ. ಇದಕ್ಕೆ ನಾನು ಜವಾಬ್ದಾರಳಲ್ಲ. ನಾನು ಆ ಕೋಣೆಯಲ್ಲಿ ಕೆಲಸ ಮಾಡುವವಳು, ಅಷ್ಟೆ.

ಕೋಣೆ ಇರುವುದು ಸ್ವೀಡನ್ನಿನ ವೆಸ್ಟೆರಾಸ್ ಊರಿನ ಒಂದು ಬಡಾವಣೆಯ ಲೈಬ್ರರಿಯಲ್ಲಿ. ಮಕ್ಕಳ ವಿಭಾಗ. ನನ್ನ ಗಂಡ ಇಲ್ಲಿನ ಕರೆಂಟಿನ ಕಂಪನಿಯೊಂದರಲ್ಲಿ ಇಂಜಿನಿಯರ್. ಅವರು ಇಡೀ ದಿನ ಟ್ರಾನ್ಸ್‌ಫಾರ್ಮರ್‌ಗಳ ನಡುವೆ ಇದ್ದು ಸುರಕ್ಷಿತವಾಗಿ ಮನೆಗೆ ಬರುತ್ತಾರೆ. ಅಪಾಯದ ಕೆಲಸ ನನ್ನದು.

ನಮ್ಮ ವಿಭಾಗದ ಮುಖ್ಯಸ್ಥೆ ಅರವತ್ತು ದಾಟಿದ ಸ್ವೀಡಿಷ್ ಹೆಂಗಸು. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅಷ್ಟು ದೊಡ್ಡವರ ಹೆಸರು ಹಿಡಿಯಲು ನನಗೆ ಬಾಯಿ ಬರುವುದಿಲ್ಲ, ಮೇಡಂ ಎಂದರೆ ಅವರಿಗೆ ಬೇಜಾರು. ಹಾಗಾಗಿ ನಾನು ಎದುರಿಗೆ ಹೋಗಿ ನಿಂತು, ಅವರು ತಲೆ ಎತ್ತುವವರೆಗೆ ಕೆಮ್ಮುತ್ತೇನೆ. ಸೇರಿದಾಗಿನಿಂದ ನನಗೆ ನೆಗಡಿ ವಾಸಿಯಾಗಿಲ್ಲ ಎಂದು ಅವರು ನಂಬಿದ್ದಾರೆ.

ಅವರದೊಂದು ನಂಬಿಕೆ ಇದೆ: ಪ್ರತಿ ಮಗುವೂ ತನ್ನ ಮನೆಮಾತಿನ ಪುಸ್ತಕವನ್ನು ಲೈಬ್ರರಿಯಲ್ಲಿ ಕಾಣಬೇಕು. ಅದಕ್ಕೇ ನಮ್ಮಲ್ಲಿ ಫಿನ್ನಿಷ್, ಅರಬ್ಬಿ, ಸೊಮಾಲಿ, ಪೋಲಿಷ್, ಲಾಟ್ವಿಯನ್, ಎಲ್ಲ ಭಾಷೆಗೂ ಒಂದೊಂದು ಪುಟ್ಟ ಶೆಲ್ಫು ಇದೆ. ಕನ್ನಡಕ್ಕೂ ಒಂದು ಕೊಡಿ ಎಂದು ಒಂದು ದಿನ ಕೆಮ್ಮಿ ಕೇಳಿದೆ. ವಾದ ಮಾಡಬೇಕಾದೀತೆಂದು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ತಯಾರಾಗಿ ಹೋಗಿದ್ದೆ. ಅವರು "ಆಯಿತು" ಎಂದುಬಿಟ್ಟರು. ನನ್ನ ತಯಾರಿ ದಂಡವಾಯಿತು.

ಒಂದೇ ಷರತ್ತು. ಏಪ್ರಿಲ್‌ನಲ್ಲಿ ಕಮ್ಯೂನ್‌ನಿಂದ, ಅಂದರೆ ನಮ್ಮ ಮುನಿಸಿಪಾಲಿಟಿಯಿಂದ, ಒಬ್ಬ ಅಧಿಕಾರಿ ಬಂದು ನೋಡುತ್ತಾರೆ. ಆ ದಿನ ಎಷ್ಟು ಪುಸ್ತಕ ಮಕ್ಕಳ ಮನೆಯಲ್ಲಿವೆ ಎನ್ನುವುದೇ ಪರೀಕ್ಷೆ. ಎಲ್ಲವೂ ಶೆಲ್ಫಿನಲ್ಲೇ ಕೂತಿದ್ದರೆ, ಪುಸ್ತಕಗಳು ನೆಲಮಾಳಿಗೆಗೆ, ಶೆಲ್ಫು ಬೇರೆ ಭಾಷೆಗೆ.

ಪ್ರತಿ ಸಲ ಊರಿಂದ ಬರುವಾಗ ಸೂಟ್‌ಕೇಸಿನಿಂದ ಗಂಡನ ಬಟ್ಟೆ ಹೊರಗೆ ತೆಗೆದು ತುಂಬಿಕೊಂಡು ಬಂದ ಪುಸ್ತಕಗಳು ಅವು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಬೈಯುವ ಭಾಷೆ. ಟೋಪಿ ಹಾಕ್ಕೋ, ಬೇಗ ತಿನ್ನು, ಕಿರುಚಬೇಡ, ಇಷ್ಟರಲ್ಲೇ ಮುಗಿಯಿತು. ಆ ಭಾಷೆಯಲ್ಲಿ ಕರಡಿ, ಕಳ್ಳ, ಚಂದ್ರ ಕೂಡ ಇದ್ದಾರೆ ಎಂದು ಅವಕ್ಕೆ ತಿಳಿಯಲಿ ಎಂಬುದಷ್ಟೇ ನನ್ನ ಆಸೆ. ಸಣ್ಣ ಆಸೆ. ನಮ್ಮವರ ಸಹಕಾರವೊಂದಿದ್ದರೆ ಸಾಕಿತ್ತು.

ಸಹಕಾರ ಸಿಕ್ಕಿತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಸಿಂಪಲ್ ಉದ್ಘಾಟನೆ

ಮುಖ್ಯಸ್ಥೆಯ ಪ್ರಕಾರ ಉದ್ಘಾಟನೆ ಎಂದರೆ ಶೆಲ್ಫನ್ನು ತಳ್ಳಿಕೊಂಡು ಬಂದು ನಿಲ್ಲಿಸುವುದು, ಆಮೇಲೆ ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಇದಕ್ಕೆ ಇಲ್ಲಿ ಫೀಕಾ ಎನ್ನುತ್ತಾರೆ.

ನಮ್ಮ ಕನ್ನಡ ಬಳಗಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ. ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ, ಅಧ್ಯಕ್ಷರು ಮಾತ್ರ ಇದ್ದಾರೆ. ದಿನಾ ರೈಲಿನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಸಾಫ್ಟ್‌ವೇರ್ ಕೆಲಸ ಮಾಡಿ ಬರುತ್ತಾರೆ, ರೈಲಿನಲ್ಲಿ ಕೂತು ಬಳಗ ನಡೆಸುತ್ತಾರೆ. ಅವರಿಗೆ ಫೋನ್ ಮಾಡಿದೆ.

"ಅಕ್ಕಾ, ಕನ್ನಡದ ಕೆಲಸ ಅಲ್ವಾ, ತುಂಬಾ ಸಿಂಪಲ್ಲಾಗಿ ಮಾಡೋಣ" ಅಂದರು. "ಒಂದು ಎರಡೂವರೆ ಗಂಟೆ ಪ್ರೋಗ್ರಾಮ್, ಅಷ್ಟೆ."

ನವರಾತ್ರಿಯ ಶನಿವಾರ. ಬ್ಯಾನರ್ ಬಂತು. ಬ್ಯಾನರಿನಲ್ಲಿ ಶೆಲ್ಫಿಗಿಂತ ದೊಡ್ಡದಾಗಿ ಅಧ್ಯಕ್ಷರ ಫೋಟೋ ಇತ್ತು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ಪ್ರಾಸ್ತಾವಿಕ ನುಡಿ ಆಯಿತು. ದೀಪ ಬೆಳಗಿಸುವ ಹೊತ್ತಿಗೆ ಮುಖ್ಯಸ್ಥೆ ಎದ್ದು, ಲೈಬ್ರರಿಯಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಮೆಲ್ಲಗೆ ಹೇಳಿದರು. ಉಗ್ರಾಣದಿಂದ ಕ್ರಿಸ್‌ಮಸ್‌ಗೆ ಕಿಟಕಿಯಲ್ಲಿಡುವ ಕರೆಂಟಿನ ದೀಪ ತಂದೆ. ಅದಕ್ಕಿರುವುದು ಒಂದೇ ಸ್ವಿಚ್ಚು. ವೇದಿಕೆಯ ಮೇಲಿದ್ದ ಗಣ್ಯರೆಲ್ಲ ಒಬ್ಬರ ಕೈ ಮೇಲೆ ಒಬ್ಬರು ಕೈಯಿಟ್ಟು ಅದನ್ನು ಒತ್ತಿದರು. ದೀಪ ಹತ್ತಿತು. ಫೋಟೋ ಸರಿ ಬರಲಿಲ್ಲವೆಂದು ಆರಿಸಿ ಮತ್ತೆ ಹಚ್ಚಿದರು.

ಕೊನೆಗೆ ಮುಖ್ಯಸ್ಥೆಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ. ಅವರು ಕೆಂಪಗಾಗಿ ಕೂತಿದ್ದರು. ಮಕ್ಕಳು ಬನ್ನು ಖಾಲಿ ಮಾಡಿದರು. ಪುಸ್ತಕವನ್ನು ಯಾರೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬಸ್ಸಿನಿಂದ ಇಳಿಯುವಾಗ, ಮುಂದಿನ ಬಾಗಿಲಿನಿಂದ ಮುಖ್ಯಸ್ಥೆಯೂ ಇಳಿದರು. ಮೈಮೇಲೆ ಮಳೆಯ ಕೋಟು, ಬೆನ್ನಿಗೆ ಬ್ಯಾಗು, ತಲೆಯ ಮೇಲೆ ಪೇಟ.

"ಒಂದು ವಿಷಯ ಕೇಳಬೇಕಿತ್ತು" ಎಂದರು ಗಂಭೀರವಾಗಿ. "ಇದನ್ನು ಯಾವಾಗ ತೆಗೆಯಬಹುದು? ಶನಿವಾರ ಯಾರೂ ಹೇಳಲಿಲ್ಲ. ಮಲಗುವಾಗ ಮಾತ್ರ ಪಕ್ಕದಲ್ಲಿ ಇಟ್ಟುಕೊಂಡೆ. ತಪ್ಪಾಯಿತೆ?"

ಉತ್ತರ ದಿಕ್ಕು

ಉದ್ಘಾಟನೆಯ ನಂತರ ನಮ್ಮ ತಾಯಂದಿರು ಮಕ್ಕಳನ್ನು ಕರೆದುಕೊಂಡು ತಪ್ಪದೆ ಬರತೊಡಗಿದರು. ನೇರವಾಗಿ ಕನ್ನಡ ಶೆಲ್ಫಿನ ಮುಂದೆ ಬರುವುದು, ಚಪ್ಪಲಿ ಬಿಟ್ಟು ನಿಲ್ಲುವುದು, ಕೈಮುಗಿಯುವುದು, ಮಗುವಿನ ಕೈಯಲ್ಲೂ ಮುಗಿಸುವುದು, ಪಕ್ಕದ ಶೆಲ್ಫಿನಿಂದ ಸ್ವೀಡಿಷ್ ಪುಸ್ತಕ ತೆಗೆದುಕೊಂಡು ಮನೆಗೆ ಹೋಗುವುದು.

"ಎಷ್ಟು ಪ್ರೀತಿಯಿಂದ ನೋಡುತ್ತಾರೆ!" ಎಂದರು ಮುಖ್ಯಸ್ಥೆ. "ಆದರೆ ಯಾಕೆ ತೆಗೆದುಕೊಳ್ಳುವುದಿಲ್ಲ?"

ನಾನು ಒಬ್ಬ ತಾಯಿಯನ್ನು ಹಿಡಿದು ನಿಲ್ಲಿಸಿ ಕೇಳಿದೆ.

"ಅಯ್ಯೋ, ಪೂಜೆಗೆ ಇಟ್ಟಿರೋ ಪುಸ್ತಕ ಅಲ್ವೇನ್ರೀ?" ಎಂದರು ಆಕೆ. "ವಿಸರ್ಜನೆ ಆಗ್ದೆ ಹೆಂಗ್ರೀ ಮುಟ್ಟೋದು?"

ಆಗ ಹೊಳೆಯಿತು. ಉದ್ಘಾಟನೆಯ ದಿನ ಬಳಗದ ಒಬ್ಬರು, ಹೇಗೂ ನವರಾತ್ರಿ ಎಂದು, ಶೆಲ್ಫಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಶಾರದಾ ಪೂಜೆ ಮುಗಿಸಿಬಿಟ್ಟಿದ್ದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯಂದು ವಿಸರ್ಜನೆ ಆಗುವವರೆಗೆ ಓದುವಂತಿಲ್ಲ. ಚಿಕ್ಕವರಿದ್ದಾಗ ವರ್ಷದಲ್ಲಿ ನಮಗೆ ಅತ್ಯಂತ ಇಷ್ಟವಾದ ಪೂಜೆ ಅದೇ. ವಿಜಯದಶಮಿ ಬಂದು ಹೋಗಿತ್ತು. ಪೂಜೆ ಮಾಡಿದ ಮನುಷ್ಯ ಅದರ ಹಿಂದಿನ ದಿನವೇ ಹೊಸ ಕೆಲಸಕ್ಕೆಂದು ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ಗೆ ಸಾಮಾನು ಸಮೇತ ಹೊರಟುಹೋಗಿದ್ದರು.

ಮುಖ್ಯಸ್ಥೆಗೆ ಇದನ್ನು ಹೇಗೆ ಹೇಳುವುದು? "ಪುಸ್ತಕಗಳು ರಜೆಯಲ್ಲಿವೆ" ಎಂದೆ.

ರಜೆ ಎಂದ ಕೂಡಲೇ ಅವರು ಮರುಮಾತಾಡಲಿಲ್ಲ. ಸ್ವೀಡನ್ನಿನಲ್ಲಿ ರಜೆಯಲ್ಲಿರುವವರನ್ನು ಯಾರೂ ತೊಂದರೆಪಡಿಸುವುದಿಲ್ಲ. ನವೆಂಬರ್ ಕಳೆಯುವಾಗ ಮಾತ್ರ, "ಇಷ್ಟು ದಿನದ ರಜೆ ಯಾರು ಮಂಜೂರು ಮಾಡಿದ್ದು?" ಎಂದು ಕೇಳಿದರು.

ಲಿಂಡ್‌ಹೋಲ್ಮೆನ್‌ಗೆ ವಿಡಿಯೋ ಕಾಲ್ ಮಾಡಿದೆ. ಆ ಮನುಷ್ಯ ಆಫೀಸಿನ ಮೀಟಿಂಗ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಅಯ್ಯಯ್ಯೋ ಮರ್ತೇ ಹೋಯ್ತು" ಅಂದರು. "ಒಂದ್ ನಿಮಿಷ, ಕೈ ತೊಳ್ಕೊಂಡು ಬರ್ತೀನಿ. ನಾನ್ ಇಲ್ಲಿಂದ ಮಂತ್ರ ಹೇಳ್ತೀನಿ. ನೀವು ಅಲ್ಲಿ ಸ್ವಲ್ಪ ಉತ್ತರಕ್ಕೆ ಸರಿಸಿ."

"ಏನನ್ನ ಸರಿಸೋದು? ಶಾರದೆ ಫೋಟೋ ನೀವೇ ತಗೊಂಡು ಹೋಗಿದೀರ."

ಅವರು ಕ್ಷಣ ಯೋಚಿಸಿದರು. "ಶೆಲ್ಫನ್ನೇ ಸರಿಸಿ" ಅಂದರು.

ಮುಖ್ಯಸ್ಥೆ ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಉತ್ತರ ಹುಡುಕಿದರು. ಬಗ್ಗಿ ಶೆಲ್ಫಿನ ಗಾಲಿಗಳ ಬೀಗ ಬಿಡಿಸಿದರು. ಫೋನಿನಿಂದ ಮಂತ್ರ ಬಂತು. ಮಂತ್ರ ಮುಗಿದಾಗ ಅವರೇ ಎರಡೂ ಕೈಯಿಂದ ಶೆಲ್ಫನ್ನು ಮೆಲ್ಲಗೆ ಉತ್ತರಕ್ಕೆ ತಳ್ಳಿ, ಮತ್ತೆ ಬೀಗ ಹಾಕಿದರು. ಅಲ್ಲೇ ನಿಂತಿದ್ದ ಒಬ್ಬ ತಾಯಿ ಕೈಮುಗಿದು, ಒಂದು ಪುಸ್ತಕ ತೆಗೆದು, ಮಗುವಿನ ಕೈಗೆ ಕೊಟ್ಟರು. ಮೊದಲ ಪುಸ್ತಕ ಮನೆಗೆ ಹೋಯಿತು.

ಮುಖ್ಯಸ್ಥೆ ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಧ್ವನಿ ತಗ್ಗಿಸಿ ಹೇಳಿದರು:

"ಲಾಟ್ವಿಯನ್ ಪುಸ್ತಕಗಳನ್ನೂ ವರ್ಷದಿಂದ ಯಾರೂ ಮುಟ್ಟಿಲ್ಲ. ಅದನ್ನೂ ಸ್ವಲ್ಪ ಸರಿಸಿ ನೋಡೋಣವೇ?"

ಕಾಲು ತಾಗಿದರೆ

ಗುರುವಾರಗಳಂದು ಹತ್ತಿರದ ದಗಿಸ್‌ನ, ಅಂದರೆ ಶಿಶುವಿಹಾರದ, ಮಕ್ಕಳು ಬಂದು ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಾರೆ. ನೆಲದ ಮೇಲೆ ಪುಸ್ತಕವಿದ್ದರೆ ಕಾಲು ತಾಗುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಬರಲಿ ಬಿಡಲಿ, ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಮಾತ್ರ ಹುಟ್ಟಿನಿಂದಲೇ ಬಂದಿರುತ್ತದೆ. ಉಳಿದ ಮಕ್ಕಳು ಒಂದು ವಾರ ನೋಡಿದರು. ಎರಡನೆಯ ವಾರ ಇಡೀ ದಗಿಸ್ ಕಣ್ಣಿಗೊತ್ತಿಕೊಳ್ಳುತ್ತಿತ್ತು. ಕೆಲವರು ಅದಕ್ಕಾಗಿಯೇ ಬೇಕೆಂದು ಕಾಲು ತಾಗಿಸುತ್ತಿದ್ದರು.

ಒಂದು ದಿನ ಒಬ್ಬ ಸ್ವೀಡಿಷ್ ಅಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು.

"ನನ್ನ ಮಗ ಏನಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಇಲ್ಲಿ ಕಲಿತನಂತೆ."

ನಾನು ಕ್ಷಮೆ ಕೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದರು.

"ನನ್ನ ತಕರಾರಿಲ್ಲ. ಒಳ್ಳೆಯದೇ. ಆದರೆ ನಮ್ಮ ಮನೆಯ ನಾಯಿಗೂ ಹಾಗೆ ಮಾಡಿದ. ಈಗ ಆ ನಾಯಿ ಎಲ್ಲರ ಕಾಲಿಗೂ ಅಡ್ಡ ಬಂದು ಮಲಗಿ, ನಮಸ್ಕಾರ ಆಗುವವರೆಗೆ ಏಳುವುದಿಲ್ಲ."

ಊಟದ ಪುಟ

ಚಳಿಗಾಲದಲ್ಲಿ ಮುಖ್ಯಸ್ಥೆಗೆ ಒಂದು ಯೋಚನೆ ಬಂತು. ಒಂದೊಂದು ಭಾಷೆಯ ಮನೆಯವರು ಸೇರಿ, ತಮ್ಮ ಮಕ್ಕಳ ಬದುಕನ್ನು ಕುರಿತು ಒಂದು ಪುಟ್ಟ ಚಿತ್ರಪುಸ್ತಕ ಮಾಡಬೇಕು. ಚಿತ್ರ ಬರೆಯಲು ಒಬ್ಬ ಸ್ವೀಡಿಷ್ ಹುಡುಗಿ ಬಂದಳು. ಸೊಮಾಲಿಯವರು ಒಂದು ಮಧ್ಯಾಹ್ನದಲ್ಲಿ ಪುಸ್ತಕ ಮುಗಿಸಿದರು. ನಾವು ಆ ಮಧ್ಯಾಹ್ನ ಸಮಿತಿ ರಚಿಸಿದೆವು.

ಆರನೆಯ ಪುಟದವರೆಗೆ ತೊಂದರೆಯಿರಲಿಲ್ಲ. ಆರನೆಯ ಪುಟ ಊಟದ್ದು. ಹುಡುಗಿ ಒಂದು ಮೇಜು, ಒಂದು ತಟ್ಟೆ, ತಟ್ಟೆಯಲ್ಲಿ ದೋಸೆ, ಹಿಂದೆ ನಗುತ್ತಿರುವ ಒಂದು ಮಗು, ಇಷ್ಟು ಬರೆದಿದ್ದಳು. ಚೆಂದ ಇತ್ತು.

"ಚೆನ್ನಾಗಿದೆ" ಅಂದರು ಅಧ್ಯಕ್ಷರು. "ಒಂದು ಮುದ್ದೆ ಇಟ್ಬಿಡಿ. ಇಲ್ಲಾಂದ್ರೆ ನಮ್ ಕಡೆಯವ್ರು ಬೇಜಾರ್ ಮಾಡ್ಕೋತಾರೆ."

ಮುದ್ದೆ ಬಂತು. ಮುದ್ದೆಗೆ ಸಾರು ಬೇಕಾಯಿತು. ಮಂಗಳೂರಿನ ಕಡೆಯ ಒಬ್ಬರು ತಮಗೇನೂ ಒತ್ತಾಯವಿಲ್ಲ, ಒಂದು ನೀರ್‌ದೋಸೆ ಮೂಲೆಯಲ್ಲಿದ್ದರೆ ಸಾಕು ಎಂದರು. ನೀರ್‌ದೋಸೆ ಬಂದ ಮೇಲೆ ಅದರ ಪಕ್ಕ ಮೀನಿನ ಸಾರು ಬಾರದಿದ್ದರೆ ಅನ್ಯಾಯ ಎಂದರು. ಮೀನು ಬಂದದ್ದರಿಂದ ಎದುರಿಗಿದ್ದವರು ಪುಳಿಯೋಗರೆ ಕೇಳಿದರು, ಸಮತೋಲನಕ್ಕೆ. ಕೊಡಗಿನವರು ಯಾರೂ ಇರಲಿಲ್ಲ, ಆದರೂ ಅವರ ಪರವಾಗಿ ಕಡಬು ಇಟ್ಟೆವು.

ನಮ್ಮ ಬಳಗದಲ್ಲಿ ವಿಜಯಪುರದ ಒಬ್ಬ ಇಂಜಿನಿಯರ್ ಇದ್ದಾರೆ. ಎಲ್ಲರೂ ಭಾಯ್ ಎನ್ನುತ್ತೇವೆ. ಪ್ರತಿ ರಂಜಾನ್ ಹಬ್ಬಕ್ಕೆ ಇಡೀ ಬಳಗ ಅವರ ಮನೆಯಲ್ಲೇ ಉಣ್ಣುವುದು. ಆದ್ದರಿಂದ ಸುರಕುಂಬಾದ, ಅಂದರೆ ಅವರ ಮನೆಯ ಶಾವಿಗೆ ಪಾಯಸದ, ಬಟ್ಟಲು ಇಡಬೇಕೆಂದು ಅವರು ಕೇಳುವ ಮೊದಲೇ ಎಲ್ಲರೂ ಒಕ್ಕೊರಲಿನಿಂದ ಒಪ್ಪಿದ್ದರು. ಅಂದಿನ ಸಭೆಯಲ್ಲಿ ಒಮ್ಮತದಿಂದ ಪಾಸಾದದ್ದು ಅದೊಂದೇ. ಭಾಯ್ ಸಂಕೋಚದ ಮನುಷ್ಯ, ನಮ್ಮೆದುರು ಸದಾ ಬೆಂಗಳೂರಿನ ಕನ್ನಡವನ್ನೇ ಆಡುತ್ತಾರೆ. "ಸಾಧ್ಯ ಆದ್ರೆ ಒಂದು ಜೋಳದ ರೊಟ್ಟಿ" ಎಂದಷ್ಟೇ ಕೇಳಿದರು. ಹುಡುಗಿ ಜಾಗವಿಲ್ಲದೆ ರೊಟ್ಟಿಯನ್ನು ಹೂದಾನಿಯ ಹಿಂದೆ ಅರ್ಧ ಕಾಣುವಂತೆ ಬರೆದಳು. ಭಾಯ್ ಸ್ವಲ್ಪ ಹೊತ್ತು ನೋಡಿದರು.

"ಏ, ರೊಟ್ಟಿ ಹಿಂದ ಯಾಕ್ರೀ?" ಎಂದರು. "ಮುಂದ ತರ್ರಿ. ಹೂ ತಿಂತೇವೇನ್ ನಾವು?"

ಹೂದಾನಿ ಹೋಯಿತು, ರೊಟ್ಟಿ ಮುಂದೆ ಬಂತು. ರೊಟ್ಟಿಯ ಜೊತೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಬಂದವು. ಹುಡುಗಿ ಮೇಜನ್ನು ಎರಡು ಸಲ ಉದ್ದ ಮಾಡಿದಳು.

ಸಂಜೆ ಮುಖ್ಯಸ್ಥೆ ಬಂದು ಚಿತ್ರವನ್ನು ಕೈಗೆತ್ತಿಕೊಂಡರು. ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಮಗು ಎಲ್ಲಿ?" ಎಂದರು.

ಎಲ್ಲರೂ ಬಗ್ಗಿ ನೋಡಿದೆವು. ಮಗು ಇರಲಿಲ್ಲ. ಯಾವ ಹೊತ್ತಿನಲ್ಲಿ ಯಾವ ಪಲ್ಯಕ್ಕಾಗಿ ಅದನ್ನು ಅಳಿಸಿದ್ದೆಂದು ಹುಡುಗಿಗೂ ನೆನಪಿರಲಿಲ್ಲ. ಯಾರೂ ತಮ್ಮ ಊರಿನ ಪದಾರ್ಥ ತೆಗೆಯಲು ತಯಾರಿರಲಿಲ್ಲ.

ಭಾಯ್ ಗಂಟಲು ಸರಿಮಾಡಿಕೊಂಡರು. "ಮಗು ಕೈ ತೊಳ್ಕೊಳ್ಳಾಕ ಹೋಗೇತ್ರಿ" ಎಂದರು.

ನಾನು ಅದನ್ನು ಸ್ವೀಡಿಷ್‌ಗೆ ಅನುವಾದಿಸಿದೆ. ಮುಖ್ಯಸ್ಥೆ ತೃಪ್ತಿಯಿಂದ ತಲೆಯಾಡಿಸಿದರು. ಪುಸ್ತಕ ಹಾಗೆಯೇ ಅಚ್ಚಾಗಿದೆ. ಅವರ ಒತ್ತಾಯದ ಮೇಲೆ ಪುಟದ ಮೂಲೆಯಲ್ಲಿ ನಲ್ಲಿಯಿಂದ ನೀರು ಬೀಳುವ ಸದ್ದನ್ನು ಮಾತ್ರ ಅಕ್ಷರದಲ್ಲಿ ಬರೆಸಿದ್ದೇವೆ.

ಬೆಂಚಿನ ಮೇಲೆ

ಫೆಬ್ರವರಿಯಲ್ಲಿ ಅಧ್ಯಕ್ಷರ ತಂದೆ ಊರಿನಿಂದ ಬಂದರು. ನಿವೃತ್ತ ಹೆಡ್‌ಮಾಸ್ತರು. ಚಳಿಗೆ ಹೊರಗೆ ಹೋಗುವಂತಿಲ್ಲ, ಒಳಗೆ ಕೂತರೆ ಸೊಸೆಗೆ ವ್ಯಾಕರಣ ಹೇಳಿಕೊಡುತ್ತಾರೆ. ಅಧ್ಯಕ್ಷರು ನನಗೆ ಫೋನ್ ಮಾಡಿ, "ಅಕ್ಕಾ, ಅಪ್ಪನ ಕೈಲಿ ಕಥೆ ಹೇಳ್ಸಿ, ಪುಣ್ಯ ಬರುತ್ತೆ" ಎಂದರು.

ಶನಿವಾರದ ಕಥಾ ಸಮಯ. ನಮ್ಮ ಮಕ್ಕಳು, ಕುತೂಹಲಕ್ಕೆ ಬಂದ ಕೆಲವು ಸ್ವೀಡಿಷ್ ಮಕ್ಕಳು, ಬೆಂಚಿನ ಮೇಲೆ ಸಾಲಾಗಿ ಕೂತರು. ಮಾಸ್ತರರು ಹೇಳುವುದು, ನಾನು ಸ್ವೀಡಿಷ್‌ನಲ್ಲಿ ಹೇಳುವುದು. ಕಥೆ ಇಷ್ಟು: ಒಬ್ಬ ಕಳ್ಳ ಚಳಿಗಾಲದಲ್ಲಿ ಒಂದು ಮನೆಗೆ ನುಗ್ಗುತ್ತಾನೆ. ಅಡುಗೆಮನೆ ಬೆಚ್ಚಗಿದೆ. ಒಲೆಯ ಪಕ್ಕ ಸ್ವಲ್ಪ ಕೂರೋಣವೆಂದು ಕೂತವನು ನಿದ್ದೆ ಹೋಗಿ ಸಿಕ್ಕಿಬೀಳುತ್ತಾನೆ. ಮಾಸ್ತರರು ಚೆನ್ನಾಗಿಯೇ ಹೇಳಿದರು. ಕಳ್ಳನ ಗೊರಕೆಗೆ ಮಕ್ಕಳು ಬಿದ್ದು ಬಿದ್ದು ನಕ್ಕವು.

ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು, "ಈ ಕಥೆಯ ನೀತಿ ಏನು?" ಎಂದರು.

ಒಬ್ಬ ಹುಡುಗ ಸ್ವೀಡಿಷ್‌ನಲ್ಲಿ, "ಅವನಿಗೆ ಸುಸ್ತಾಗಿತ್ತು, ಮಲಗಲಿ ಬಿಡಿ" ಎಂದ.

"ತಪ್ಪು! ಬೆಂಚಿನ ಮೇಲೆ ನಿಂತ್ಕೋ!"

ಈ ದೇಶದಲ್ಲಿ ಮಗುವಿಗೆ ಶಿಕ್ಷೆ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತು. ಮುಖ್ಯಸ್ಥೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಾರೆ. ಗತ್ಯಂತರವಿಲ್ಲದೆ ಅನುವಾದಿಸಿದೆ. ಹುಡುಗನ ಮುಖ ಅರಳಿತು. ಹತ್ತಿ ನಿಂತ. ಎತ್ತರದಿಂದ ಎಲ್ಲರನ್ನೂ ನೋಡಿ ಕೈಬೀಸಿದ.

ಇದನ್ನು ಕಂಡದ್ದೇ ತಡ, ಉಳಿದವರೂ ಕೈ ಎತ್ತಿದರು. "ಮನೆಯವರು ಅವನಿಗೆ ಕಂಬಳಿ ಹೊದಿಸಬೇಕಿತ್ತು." ತಪ್ಪು, ಬೆಂಚಿನ ಮೇಲೆ. "ಕಳ್ಳನಿಗೆ ರಾತ್ರಿ ಪಾಳಿ ಇರಬಾರದಿತ್ತು." ಬೆಂಚಿನ ಮೇಲೆ. ಒಂದು ಮಗು "ಆನೆ!" ಎಂದಿತು, ಉತ್ತರಕ್ಕೂ ಕಾಯದೆ ತಾನೇ ಹತ್ತಿ ನಿಂತಿತು. ಒಬ್ಬಳು ಹುಡುಗಿ ಮಾತ್ರ "ಕಳ್ಳತನ ಮಾಡಬಾರದು" ಎಂದಳು. "ಶಭಾಷ್! ನೀನು ಕೂತ್ಕೋ" ಎಂದರು ಮಾಸ್ತರರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ಅವಳನ್ನೂ ಹತ್ತಿಸಬೇಕಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಮುಖ್ಯಸ್ಥೆ ನೇರವಾಗಿ ಮಾಸ್ತರರ ಬಳಿಗೆ ಬಂದು ಕೈಕುಲುಕಿದರು. "ಮಕ್ಕಳು ತಪ್ಪು ಹೇಳಲು ಹೆದರಬಾರದು ಎಂದು ನಾವು ವರ್ಷಗಳಿಂದ ಪ್ರಯತ್ನ ಪಡುತ್ತಿದ್ದೇವೆ. ನೀವು ಒಂದು ಗಂಟೆಯಲ್ಲಿ ಸಾಧಿಸಿದಿರಿ. ದಯವಿಟ್ಟು ಪ್ರತಿ ಶನಿವಾರ ಬನ್ನಿ."

ನಾನು ಅನುವಾದಿಸಿದೆ.

"ಸರ್ವಿಸ್ ಪೂರ್ತಿ ಇದನ್ನೇ ಮಾಡಿದೀನಮ್ಮ" ಎಂದರು ಮಾಸ್ತರರು. "ಥ್ಯಾಂಕ್ಸ್ ಅಂದೋರು ಇವರೇ ಮೊದಲು."

ಇನ್‌ಸ್ಪೆಕ್ಷನ್

ಬೆಂಚು ಹತ್ತಿದ ಮಕ್ಕಳು ಮನೆಗೆ ಹೋಗುವಾಗ ಒಂದೊಂದು ಕನ್ನಡ ಪುಸ್ತಕ ಒಯ್ಯತೊಡಗಿದರು. ಮಾರ್ಚ್ ಮುಗಿಯುವ ಹೊತ್ತಿಗೆ ಶೆಲ್ಫಿನಲ್ಲಿ ಪುಸ್ತಕಕ್ಕಿಂತ ಗಾಳಿಯೇ ಹೆಚ್ಚಿತ್ತು. ಖಾಲಿ ಶೆಲ್ಫು ನೋಡಿ ಅಷ್ಟು ಖುಷಿಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು. ಅಧಿಕಾರಿ ಬರುವುದು ಶುಕ್ರವಾರ ಎಂದು ಗೊತ್ತಾದಾಗ, ಬಳಗಕ್ಕೆ ತಲುಪಿಸಿ ಎಂದು ಅಧ್ಯಕ್ಷರಿಗೆ ಒಂದು ಮೆಸೇಜ್ ಕಳಿಸಿದೆ: ಶುಕ್ರವಾರ ಕಮ್ಯೂನ್‌ನವರು ಬರುತ್ತಾರೆ, ಪುಸ್ತಕಗಳು ಮನೆಯಲ್ಲೇ ಇರಲಿ, ದಯವಿಟ್ಟು ಯಾರೂ ವಾಪಸ್ ತರಬೇಡಿ.

ಅಧ್ಯಕ್ಷರು ರೈಲಿನಲ್ಲಿ ಕೂತು, ಅದರ ಮೇಲೆ ದಪ್ಪಕ್ಷರದಲ್ಲಿ "ಶುಕ್ರವಾರ ಇನ್‌ಸ್ಪೆಕ್ಷನ್!!" ಎಂದು ಸೇರಿಸಿ ಎಲ್ಲರಿಗೂ ಕಳಿಸಿದರು.

ಇನ್‌ಸ್ಪೆಕ್ಷನ್ ಎಂಬ ಮಾತು ನಮ್ಮ ಜನರ ಮೇಲೆ ಏನು ಮಾಡುತ್ತದೆಂದು ಕರ್ನಾಟಕದ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ವರ್ಷವಿಡೀ ಬೀರುವಿನಲ್ಲಿ ಬೀಗ ಹಾಕಿದ್ದ ಗ್ಲೋಬು ಹೊರಗೆ ಬರುತ್ತದೆ. ಗೋಡೆಗೆ ಸುಣ್ಣ, ಹುಡುಗರ ತಲೆಗೆ ಎಣ್ಣೆ. ಯಾವ ಸಾಮಾನೂ ಕಮ್ಮಿ ಕಾಣಬಾರದು. ಮೆಸೇಜಿನಲ್ಲಿ ಆ ಮಾತಿನ ಮುಂದಿನ ಸಾಲನ್ನು ಯಾರೂ ಓದಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಬಾಗಿಲು ತೆರೆದದ್ದೇ ಪುಸ್ತಕ ವಾಪಸ್ ತೆಗೆದುಕೊಳ್ಳುವ ಯಂತ್ರ ಪೀಂ ಎಂದಿತು. ಮತ್ತೆ ಪೀಂ. ಆಮೇಲೆ ನಿಲ್ಲಲೇ ಇಲ್ಲ. ಓಡಿ ಬಂದೆ. ಬೆಂಚಿನ ಮೇಲೆ ಮಕ್ಕಳು, ಯಂತ್ರದ ಮುಂದೆ ರೇಷ್ಮೆ ಸೀರೆಗಳ ಸಾಲು. ಎಲ್ಲರ ಕೈಯಲ್ಲೂ ಬಟ್ಟೆಯ ಚೀಲ, ಚೀಲದ ತುಂಬ ಪುಸ್ತಕ. ಭಾಯ್ ಒಂದೊಂದನ್ನೂ ಕರವಸ್ತ್ರದಿಂದ ಒರೆಸುತ್ತಿದ್ದಾರೆ. ಮಾಸ್ತರರು ಕೋಟು ಹಾಕಿಕೊಂಡು ಎತ್ತರದ ಪ್ರಕಾರ ಜೋಡಿಸುತ್ತಿದ್ದಾರೆ. ಶೆಲ್ಫು ಉದ್ಘಾಟನೆಯ ದಿನಕ್ಕಿಂತ ಚೆಂದ ತುಂಬಿತ್ತು.

"ಏನಿದು?" ಎಂದೆ.

"ಅಕ್ಕಾ, ಸಾಹೇಬ್ರು ಬಂದಾಗ ಶೆಲ್ಫ್ ಖಾಲಿ ಇದ್ರೆ ಮರ್ಯಾದೆನಾ?" ಎಂದರು ಅಧ್ಯಕ್ಷರು. "ಎಲ್ರಿಗೂ ಫೋನ್ ಮಾಡಿ ತರಿಸಿದೀನಿ."

"ನಾನ್ ಮೆಸೇಜಲ್ಲಿ ಏನ್ ಬರ್ದಿದ್ದೆ?"

"ಇನ್‌ಸ್ಪೆಕ್ಷನ್ ಅಂತ."

"ಅದು ನೀವ್ ಬರ್ದಿದ್ದು. ಅದ್ರ ಕೆಳಗೆ?"

ಅಧ್ಯಕ್ಷರು ಫೋನ್ ತೆಗೆದರು. "ಕೆಳಗೂ ಇತ್ತಾ?" ಎಂದರು.

ಮತ್ತೆ ಹಂಚೋಣವೆಂದರೆ ಹೊತ್ತಿರಲಿಲ್ಲ. ಬಾಗಿಲಲ್ಲಿ 'ಸಾಹೇಬರು' ನಿಂತಿದ್ದರು. ಸೈಕಲ್ ಹೆಲ್ಮೆಟ್ ಹಿಡಿದ ಒಬ್ಬ ಸಣಕಲು ಯುವಕ. ಎಲ್ಲರೂ ಅವನ ಹಿಂದೆ ಸಾಹೇಬರು ಬರುತ್ತಾರೆಂದು ಇಣುಕಿದರು. ಯಾರೂ ಬರಲಿಲ್ಲ. ಮಾಸ್ತರರು ಕಣ್ಸನ್ನೆ ಮಾಡಿದರು. ಮಕ್ಕಳೆಲ್ಲ ಎದ್ದು ರಾಗವಾಗಿ "ನಮಸ್ತೇ ಸಾರ್" ಎಂದವು. ಯುವಕ ಹೆಲ್ಮೆಟ್ಟನ್ನು ಎದೆಗೆ ಹಿಡಿದುಕೊಂಡ.

ಅವನು ಶೆಲ್ಫು ನೋಡಿದ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಎಲ್ಲವೂ ಇಲ್ಲೇ ಇವೆಯೇ?"

ಅಧ್ಯಕ್ಷರಿಗೆ ಎದೆಯುಬ್ಬಿತು. "ಆಲ್ ಬುಕ್ಸ್ ಪ್ರೆಸೆಂಟ್, ಸರ್" ಎಂದರು.

ಯುವಕ ಏನೋ ಬರೆದುಕೊಂಡ. ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಎಲ್ಲ ಮುಗಿಯಿತು ಎಂದುಕೊಂಡೆ. ಹೊತ್ತು ತಂದ ಅಷ್ಟೂ ಪುಸ್ತಕ ನೆಲಮಾಳಿಗೆಯ ಕತ್ತಲಿಗೆ, ಅದೂ ಧೂಳು ಒರೆಸಿಕೊಂಡು ಶುಭ್ರವಾಗಿ.

ಅಷ್ಟರಲ್ಲಿ ಕೋಟು ನೇತುಹಾಕುವ ಮೂಲೆಯಿಂದ ಒಂದು ಚೀರಾಟ ಕೇಳಿಸಿತು. ಅಧ್ಯಕ್ಷರ ಐದು ವರ್ಷದ ಮಗಳು. ಎದೆಗೆ ಒಂದು ಪುಸ್ತಕ ಅವಚಿಕೊಂಡಿದ್ದಾಳೆ, ಅವಳಮ್ಮ ಎಳೆಯುತ್ತಿದ್ದಾರೆ.

"ಕೊಡು ಪುಟ್ಟಿ, ಸಾಹೇಬ್ರು ನೋಡ್ತಿದಾರೆ. ಇದೊಂದೇ ಬಾಕಿ."

ಹುಡುಗಿ ಸ್ವೀಡಿಷ್‌ನಲ್ಲಿ ಕಿರುಚಿದಳು: "ಕೊಡಲ್ಲ! ಅಜ್ಜಿ ಇನ್ನೂ ಮುಗಿಸಿಲ್ಲ!"

ಯುವಕ ಅವಳ ಮುಂದೆ ಮಂಡಿಯೂರಿ ಕೂತ. ಯಾವ ಅಜ್ಜಿ ಎಂದು ಕೇಳಿದ. ಅಮ್ಮನ ಅಮ್ಮ, ದಾವಣಗೆರೆಯಲ್ಲಿದ್ದಾರೆ ಎಂದಳು. ದಿನಾ ಸಂಜೆ ತಾನು ಪುಟವನ್ನು ಫೋನಿಗೆ ಹಿಡಿಯುವುದು, ಅಜ್ಜಿ ಕನ್ನಡಕ ಹಾಕಿಕೊಂಡು ಓದುವುದು. ನಿನ್ನೆ ಕರಡಿ ಬಾವಿಗೆ ಬಿದ್ದಿದೆ. ಅಷ್ಟು ಹೊತ್ತಿಗೆ ಅಜ್ಜಿಯ ಫೋನಿನ ಚಾರ್ಜ್ ಮುಗಿಯಿತು. ಕರಡಿ ಇನ್ನೂ ಬಾವಿಯಲ್ಲೇ ಇದೆ. ಈಗ ಅದನ್ನು ವಾಪಸ್ ಕೊಡು ಎಂದರೆ ಹೇಗೆ?

ನಾನು ಅನುವಾದಿಸಿದ್ದನ್ನು ಕೇಳಿ ಮಾಸ್ತರರಿಗೆ ನೋವಾಯಿತು. "ನಾನ್ ಮನೇಲೇ ಇದೀನಲ್ಲ ಪುಟ್ಟಿ, ಬೀಗಿತ್ತಿ ಹತ್ರ ಯಾಕೆ ಓದಿಸ್ಕೋತೀಯ?"

"ತಾತ ಕೊನೇಲಿ ಪ್ರಶ್ನೆ ಕೇಳ್ತಾರೆ" ಎಂದಳು ಸ್ವೀಡಿಷ್‌ನಲ್ಲಿ. ಮಾಸ್ತರರಿಗೆ ನಾನು ಅದನ್ನು ಅನುವಾದಿಸಲಿಲ್ಲ.

ಕರಡಿಯ ಸುದ್ದಿ ಕೇಳಿದ ಉಳಿದ ಮಕ್ಕಳಿಗೂ ತಮ್ಮ ತಮ್ಮ ಪುಸ್ತಕ ನೆನಪಾಯಿತು. ಒಬ್ಬ ಹುಡುಗ ಓಡಿಹೋಗಿ ಶೆಲ್ಫಿನಿಂದ ತನ್ನದನ್ನು ಕಿತ್ತುಕೊಂಡ. ಇನ್ನೊಬ್ಬಳು ಅಳುತ್ತಾ ಇನ್ನೊಂದನ್ನು. ತಾಯಂದಿರು ಹಿಡಿಯುವಷ್ಟರಲ್ಲಿ ಮಾಸ್ತರರು ಎತ್ತರದ ಪ್ರಕಾರ ಕಟ್ಟಿದ್ದ ಸಾಲು ಕುಸಿದುಬಿತ್ತು. ನಿಮಿಷದಲ್ಲಿ ಶೆಲ್ಫು ಬೋಳಾಯಿತು, ಮಕ್ಕಳೆಲ್ಲ ಪುಸ್ತಕ ಅಪ್ಪಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತವು. ಅಧ್ಯಕ್ಷರು ತಲೆಯ ಮೇಲೆ ಕೈಹೊತ್ತು ಕೂತರು.

ಯುವಕ ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದ. "ಶೆಲ್ಫು ಇಲ್ಲೇ ಇರಲಿ" ಎಂದ. ಹೆಲ್ಮೆಟ್ ಹಾಕಿಕೊಂಡು, ದೊಡ್ಡವರ ಕಡೆ ತಿರುಗಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: "ಪುಸ್ತಕ ಇರಬೇಕಾದದ್ದು ನಿಮ್ಮ ಮನೆಯಲ್ಲಿ. ಇಲ್ಲಲ್ಲ."

ನನಗೆ ಮತ್ತೆ ಅಳು ಬಂತು, ಈ ಸಲ ಬೇರೆ ಕಾರಣಕ್ಕೆ. "ಮಕ್ಕಳು ಅತ್ತು ಪಾಸಾದ ಇನ್‌ಸ್ಪೆಕ್ಷನ್ ನಾನು ನೋಡಿರ್ಲಿಲ್ಲ" ಎಂದು ಮಾಸ್ತರರು ಭಾಯ್‌ಗೆ ಹೇಳುತ್ತಿದ್ದದ್ದು ಕೇಳಿಸಿತು.

ಇದಾಗಿ ಬೇಸಿಗೆ ಕಳೆಯಿತು. ಒಂದು ಪುಸ್ತಕವೂ ವಾಪಸ್ ಬರಲಿಲ್ಲ. ನಾನು ಅಧ್ಯಕ್ಷರಿಗೆ ಫೋನ್ ಮಾಡಿದೆ. "ಅದ್ ಹೆಂಗಕ್ಕಾ ತರೋದು?" ಎಂದರು. "ಮನೇಲೇ ಇರ್ಬೇಕು ಅಂತ ಸಾಹೇಬ್ರೇ ಆರ್ಡರ್ ಮಾಡಿ ಹೋಗಿದಾರೆ. ಗವರ್ನಮೆಂಟ್ ವಿಷಯ."

ಮೊನ್ನೆ ಮುಖ್ಯಸ್ಥೆ ಖಾಲಿ ಶೆಲ್ಫಿನ ಮುಂದೆ ನಿಂತು ನನ್ನನ್ನು ಕರೆದರು.

"ಪುಸ್ತಕಗಳು ಚೆನ್ನಾಗಿ ಓದಿಸಿಕೊಳ್ಳುತ್ತಿವೆ, ಸಂತೋಷ" ಎಂದರು. "ಒಂದು ಅಂದಾಜಿಗೆ ಕೇಳುತ್ತೇನೆ, ಇವು ಯಾವಾಗ ಹಿಂದಿರುಗಬಹುದು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮುಂದಿನ ಇನ್‌ಸ್ಪೆಕ್ಷನ್ ದಿನ ಬೆಳಿಗ್ಗೆ."